ಪಟ್ಟಿಯಲ್ಲಿ ಇಲ್ಲದ ಪೆಟ್ಟಿಗೆ

"ಹೋಗ್ಲಿ ಬಿಡಿ ದೊಡ್ಡಪ್ಪ, ಹವ್ಯಾಸದ್ದು ತಾನೆ" ಅಂತ ಇನ್ನೊಮ್ಮೆ ಹೇಳಬೇಡ ಕೂಸೇ. ಪುಣೆಯಿಂದ ತಾಳವಾಡಿಗೆ ಮನೆ ಸಾಮಾನೆಲ್ಲ ಬಂತು. ಫ್ರಿಜ್ ಬಂತು, ಮಂಚ ಬಂತು, ಮಗುವಿನ ಸೈಕಲ್ಲೂ ಒಂದು ಗೀರಿಲ್ಲದೆ ಬಂತು. ಬಾರದೆ ಉಳಿದದ್ದು ಆ ಹಸಿರು ಟ್ರಂಕು ಒಂದೇ. ಅದರೊಳಗೆ ನಿಮ್ಮ ತಾತನ ಬಾಚಿ, ಅವರ ಎರಡು ಉಳಿ, ಸಂಬಳದಲ್ಲಿ ಉಳಿಸಿ ನೀನು ಒಂದೊಂದಾಗಿ ಕೊಂಡ ಹತ್ತರಿ, ಜಪಾನಿನ ಎಳೆಗರಗಸ, ಮೂಲೆಮಟ್ಟ, ಸಾಣೆಕಲ್ಲು. ಬೇರೆಯವರ ಕಣ್ಣಿಗೆ ಅದೊಂದು ಟ್ರಂಕು ಹಳೇ ಕಬ್ಬಿಣ. ಅವರು ಹಾಗೆ ಅಂದುಕೊಂಡರೆ ಅಂದುಕೊಳ್ಳಲಿ, ನೀನು ಅನ್ನಬೇಡ.

ನಿಮ್ಮ ತಾತ ಈ ಸೀಮೆಯಲ್ಲಿ ನೇಗಿಲು, ಕುಂಟೆ, ಕೂರಿಗೆ, ಗಾಡಿಯ ಚಕ್ರ ಮಾಡಿ ಬದುಕಿದವರು. ಟ್ರ್ಯಾಕ್ಟರ್ ಬಂದ ಮೇಲೆ ಅವರ ಕೈಗೆ ಕೆಲಸ ಕಡಿಮೆಯಾಯಿತು, ಹತಾರಗಳು ಅಟ್ಟ ಸೇರಿದವು. ಇಲ್ಲಿನ ಎಷ್ಟೋ ಆಚಾರಿ ಮನೆಗಳಲ್ಲಿ ಇದೇ ಕಥೆ. ಮಕ್ಕಳು ಕೊಯಮತ್ತೂರಿಗೋ ತಿರುಪ್ಪೂರಿಗೋ ಬೆಂಗಳೂರಿಗೋ ಇಳಿದರು. ಅಟ್ಟದಲ್ಲಿದ್ದದ್ದು ಗುಜರಿಗೆ ತೂಕದ ಲೆಕ್ಕದಲ್ಲಿ ಹೋಯಿತು. ನೀನೊಬ್ಬ ಅದನ್ನು ಇಳಿಸಿ, ತುಕ್ಕು ತೆಗೆದು, ಹೊಸ ಹಿಡಿ ಹಾಕಿ, ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಭಾನುವಾರ ಕೂತು ಸ್ಟೂಲು ಮಾಡಿದೆ. ಹೊಟ್ಟೆಪಾಡಿಗೆ ಕಂಪ್ಯೂಟರಿನ ಮುಂದೆ ಕೂರುವವನ ಕೈಗೆ ಆ ಉಳಿಯಿಂದ ಏನು ಸಿಗುತ್ತಿತ್ತು ಎಂಬುದು ನನಗೆ ಗೊತ್ತು. ಹಿಡಿ ಅಂಗೈಗೆ ಒಗ್ಗಿ ನುಣುಪಾಗಲು ವರ್ಷಗಳು ಬೇಕು. ಹತ್ತರಿಯ ತಳ ಸಮ ಬರುವತನಕ ಉಜ್ಜಬೇಕು. ಯಾವ ಉಳಿಯನ್ನು ಯಾವ ಕೋನಕ್ಕೆ ಸಾಣೆ ಹಿಡಿದರೆ ತೇಗಕ್ಕೆ ಆಗುತ್ತದೆ, ಯಾವುದಕ್ಕೆ ಹಿಡಿದರೆ ಜಾಲಿಗೆ ಆಗುತ್ತದೆ ಎನ್ನುವುದನ್ನು ಕೈ ತಾನಾಗಿ ಕಲಿಯುತ್ತದೆ. ಹೊಸದು ಕೊಂಡರೆ ಕಬ್ಬಿಣ ಮಾತ್ರ ಬರುತ್ತದೆ, ಮಿಕ್ಕದ್ದನ್ನು ಮೊದಲಿಂದ ಕಟ್ಟಬೇಕು. ಅದಕ್ಕೆ ಮನಸ್ಸು ಕುಗ್ಗಿದ್ದರೆ ಅದು ಸರಿಯಾಗೇ ಇದೆ.

ನಮ್ಮ ಶಾಲೆಯಲ್ಲಿ ನನ್ನ ಜೊತೆ ಒಬ್ಬ ಡ್ರಾಯಿಂಗ್ ಮೇಷ್ಟ್ರು ಇದ್ದರು. ಮರದಲ್ಲಿ ಸಣ್ಣ ಸಣ್ಣ ಹಕ್ಕಿ ಕೆತ್ತುತ್ತಿದ್ದರು. ಕೆಳಗಿನ ಬಯಲಿನಿಂದ ಇಲ್ಲಿಗೆ ವರ್ಗವಾಗಿ ಬರುವಾಗ ಕೆತ್ತನೆಯ ಉಳಿಗಳನ್ನು ಗೋಣಿಚೀಲದಲ್ಲಿ ಸುತ್ತಿ ಲಾರಿಗೆ ಹಾಕಿದ್ದರು, ಚೀಲ ಸಿಗಲಿಲ್ಲ. ಅವರೂ "ಬಿಡಿ ಸಾರ್" ಅಂದರು. ಯಾರನ್ನೂ ಕೇಳಲಿಲ್ಲ, ಒಂದು ಕಾಗದ ಬರೆಯಲಿಲ್ಲ, ಹೊಸ ಉಳಿ ತರಿಸಲಿಲ್ಲ. ನಿವೃತ್ತಿಯವರೆಗೂ ಒಂದು ಹಕ್ಕಿ ಕೆತ್ತಿದ್ದನ್ನು ನಾನು ಕಾಣೆ. ಬಿಟ್ಟದ್ದು ಉಳಿಗಳನ್ನಷ್ಟೇ ಎಂದು ಅವರು ಅಂದುಕೊಂಡಿದ್ದರು. ನಿನ್ನ ಬಾಯಲ್ಲಿ ಅದೇ ಮಾತು ಕೇಳಿದಾಗಿನಿಂದ ನನಗೆ ಸಮಾಧಾನವಿಲ್ಲ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲು ಈ ವಾರ ಆಗಬೇಕಾದ ಕೆಲಸ. ಲಾರಿಯವರು ಕೊಟ್ಟ ಬಿಲ್ಟಿ, ಸಾಮಾನಿನ ಪಟ್ಟಿ, ಹಣ ಕಟ್ಟಿದ ರಸೀದಿ, ಅವರ ಜೊತೆ ಆಡಿದ ವಾಟ್ಸಾಪ್ ಮಾತು ಎಲ್ಲವನ್ನೂ ಒಂದೆಡೆ ಸೇರಿಸು. ಫೋನಿನಲ್ಲಿ "ಹುಡುಕ್ತಾ ಇದೀವಿ ಸಾರ್" ಎಂದದ್ದಕ್ಕೆ ಬೆಲೆಯಿಲ್ಲ. ರಸ್ತೆಯಲ್ಲಿ ಸರಕು ಸಾಗಿಸುವವರಿಗೆ 1865ರಿಂದ ಒಂದು ಹಳೆಯ ಕಾಯಿದೆ ಇತ್ತು. ಅದರ ಜಾಗಕ್ಕೆ 2007ರ ರಸ್ತೆ ಸಾಗಣೆ ಕಾಯಿದೆ ಬಂತು, 2011ರಿಂದ ಜಾರಿಯಲ್ಲಿದೆ. ಸಾಮಾನು ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಸಾಗಣೆದಾರರಿಗೆ ಲಿಖಿತ ನೋಟಿಸ್ ಕೊಟ್ಟಿರಬೇಕು, ಇಲ್ಲದಿದ್ದರೆ ಆ ಕಾಯಿದೆಯಡಿ ದಾವೆ ಹೂಡುವಂತಿಲ್ಲ. ದಿನದ ಎಣಿಕೆ ಬುಕ್ ಮಾಡಿದ್ದರಿಂದ ಶುರು, ಟ್ರಂಕು ಬರಲಿಲ್ಲ ಎಂದು ನಿನಗೆ ತಿಳಿದ ದಿನದಿಂದ ಅಲ್ಲ, ಇದನ್ನು ಗಮನದಲ್ಲಿಡು. ಹುಡುಕುತ್ತೇವೆ ಎನ್ನುತ್ತಲೇ ಆರು ತಿಂಗಳು ಕಳೆದುಬಿಡುವುದು ಕಷ್ಟವೇನಲ್ಲ.

ಅದೇ ಕಾಯಿದೆಯಲ್ಲಿ ನಿನಗೆ ಬಲ ಕೊಡುವ ಮಾತೂ ಇದೆ. ಸಾಮಾನು ಅವರ ವಶದಲ್ಲಿದ್ದಾಗ ಕಳೆದರೆ, ಅವರ ಅಲಕ್ಷ್ಯದಿಂದಲೇ ಕಳೆಯಿತು ಎಂದು ನೀನು ಸಾಬೀತು ಮಾಡಬೇಕಾಗಿಲ್ಲ. ಕೊಟ್ಟದ್ದು ಇಷ್ಟು, ತಲುಪಿದ್ದು ಇಷ್ಟು ಎಂದು ತೋರಿಸಿದರೆ ಸಾಕು. ತೊಡಕು ಇರುವುದು ಮೊತ್ತದಲ್ಲಿ. ಹೆಚ್ಚಿನ ಅಪಾಯದ ದರ ಕೊಡಲು ಮೊದಲೇ ಒಪ್ಪಿರದಿದ್ದರೆ ಸಾಗಣೆದಾರರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲುತ್ತದೆ. ಅದೂ ನೀನು ಕಾಗದದಲ್ಲಿ ತೋರಿಸಿದ ಸಾಮಾನಿನ ಬೆಲೆಯನ್ನು ಮೀರುವಂತಿಲ್ಲ. ಬಾಡಿಗೆ 40,000 ಕೊಟ್ಟಿದ್ದರೆ ಹತ್ತು ಪಟ್ಟು 4 ಲಕ್ಷ. ಆದರೆ ಇಡೀ ಮನೆಯ ಬೆಲೆ 1 ಲಕ್ಷ ಎಂದು ಸಹಿ ಹಾಕಿದ್ದರೆ ಅದೇ ಗಡಿ. ವಿಮೆಯ ಹಣ ನಾಲ್ಕು ಕಾಸು ಉಳಿಯಲಿ ಎಂದು ಬೆಲೆ ಇಳಿಸಿ ಬರೆಸುವ ಅಭ್ಯಾಸ ನಮ್ಮವರಲ್ಲಿ ಬಹಳ. ಬಿಲ್ಟಿಯಲ್ಲಿ ಏನಿದೆ ನೋಡಿ ಹೇಳು. ವಿಮೆ ಅಂತ ಹಣ ತೆಗೆದುಕೊಂಡಿದ್ದರೆ ನಿನ್ನ ಹೆಸರಿನ ಪಾಲಿಸಿಯ ನಂಬರ್ ಕೇಳು. ವಿಮೆಯ ಹೆಸರಲ್ಲಿ ಹಣ ಪಡೆದ ಮಾತ್ರಕ್ಕೆ ವಿಮೆ ಆಗಿಬಿಡುವುದಿಲ್ಲ, ಕಂಪನಿಯ ಪಾಲಿಸಿ ಕೈಯಲ್ಲಿರಬೇಕು.

ಗ್ರಾಹಕರ ಆಯೋಗದ ದಾರಿ ಬೇರೆಯೇ ಇದೆ, ಅಲ್ಲಿಗೆ ಎರಡು ವರ್ಷದ ಅವಧಿ. 2019ರ ಕಾಯಿದೆ ಬಂದ ಮೇಲೆ ಸಾಗಣೆದಾರರ ಊರಿಗೆ ಅಲೆಯಬೇಕಾಗಿಲ್ಲ, ನೀನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬಾಡಿಗೆ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಯಾರೋ ಬೀಗ ಒಡೆದು ಕದ್ದದ್ದೇ ಹೌದು ಎಂಬ ಅನುಮಾನ ಬಲವಾಗಿದ್ದರೆ ಪೊಲೀಸರಲ್ಲೂ ದೂರು ಬರೆಸು. ಮಹಾರಾಷ್ಟ್ರದಿಂದ ಇಲ್ಲಿಯವರೆಗಿನ ದಾರಿಯಲ್ಲಿ ಎಲ್ಲಿ ಹೋಯಿತೋ, ಯಾವ ಠಾಣೆಗೆ ಹೋಗಲಿ ಎಂದು ತಲೆ ಕೆಡಿಸಿಕೊಳ್ಳಬೇಡ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು.

ನಿನ್ನ ಸಾಮಾನಿನ ಪಟ್ಟಿಯನ್ನು ಮೊನ್ನೆ ತೋರಿಸಿದೆಯಲ್ಲ, ನನ್ನ ಮನಸ್ಸಿಗೆ ಚುಚ್ಚಿದ್ದು ಅದು. ಮಿಕ್ಸಿಗೂ ಒಂದು ಸಾಲು, ಗೋಡೆ ಗಡಿಯಾರಕ್ಕೂ ಒಂದು ಸಾಲು. ಟ್ರಂಕಿಗೆ ಮಾತ್ರ "ಇತರೆ ಕಬ್ಬಿಣದ ಸಾಮಾನು – 1". ಬರೆದವನು ಪ್ಯಾಕಿಂಗ್ ಹುಡುಗ, ಅವನಿಗೆ ಗೊತ್ತಿದ್ದಷ್ಟು ಬರೆದ. ಚಿನ್ನ ಮಡಿಲಲ್ಲಿ ಬರುತ್ತದೆ, ಸರ್ಟಿಫಿಕೇಟು ಫೈಲಿನಲ್ಲಿ ಬರುತ್ತದೆ, ಹವ್ಯಾಸದ ಹತಾರ "ಇತರೆ" ಆಗಿ ಬರುತ್ತದೆ. ಹಾಗೆ ಬಂದದ್ದು ಕಳೆದಾಗ ಕೇಳುವುದಕ್ಕೆ ಕಾಗದದಲ್ಲಿ ಒಂದು ಹೆಸರೂ ಇರುವುದಿಲ್ಲ. ಆ ಸಾಲನ್ನು ಈಗ ತುಂಬೋಣ. ನೆನಪಿನಿಂದ ಒಂದೊಂದೇ ಹತಾರ ಬರೆ: ಅಗಲ ಎಷ್ಟು, ಹಿಡಿ ಯಾವ ಮರದ್ದು, ಗುರುತು ಏನು, ಯಾವ ವರ್ಷ ಎಲ್ಲಿ ಕೊಂಡದ್ದು. ಆನ್‌ಲೈನಿನಲ್ಲಿ ಕೊಂಡದ್ದಕ್ಕೆ ಬಿಲ್ಲು ಇನ್ನೂ ಇರುತ್ತದೆ, ತೆಗೆ. ನೀನು ಸ್ಟೂಲು ಮಾಡುವಾಗ ಹಾಕಿದ ಫೋಟೋಗಳಲ್ಲಿ ಹಿಂದೆ ಗೋಡೆಗೆ ತೂಗಿದ್ದ ಗರಗಸ, ಮೇಜಿನ ಮೇಲಿದ್ದ ಹತ್ತರಿ ಕಾಣಿಸುತ್ತವೆ, ಅವೂ ಸಾಕ್ಷಿಯೇ. ತಾತನ ಬಾಚಿಗೆ ಬಿಲ್ಲಿಲ್ಲ. ಅಂಥದ್ದೇ ಒಂದನ್ನು ಇಂದು ಕಮ್ಮಾರನಲ್ಲಿ ಮಾಡಿಸಿದರೆ ಆಗುವ ಖರ್ಚನ್ನು ಬರೆಸಿ ತಂದು ಅದರ ಬೆಲೆ ಎಂದು ತೋರಿಸು. ಅದಕ್ಕೆ ಅಂಟಿದ ನೆನಪಿಗೆ ಯಾರೂ ಬೆಲೆ ಕಟ್ಟಿಕೊಡುವುದಿಲ್ಲ, ಆ ಆಸೆಯಲ್ಲಿ ಮೊತ್ತ ಉಬ್ಬಿಸಲೂ ಬೇಡ. ಸುಳ್ಳು ಒಂದು ಸಾಲಿನಲ್ಲಿ ಸಿಕ್ಕರೆ ಉಳಿದೆಲ್ಲ ಸಾಲನ್ನೂ ಅನುಮಾನದಿಂದ ನೋಡುತ್ತಾರೆ.

ಕಳೆದದ್ದು ಎಲ್ಲಿ ಇರಬಹುದು ಅಂತ ಕೇಳಿದೆ. ದಾರಿಯಲ್ಲಿ ಓಡುತ್ತಿರುವ ಲಾರಿಯಿಂದ ಟ್ರಂಕು ಹಾರಿಹೋಗುವುದು ಅಪರೂಪ. ಕೈ ಬದಲಾಗುವ ಕಡೆ ಹೋಗುತ್ತದೆ. ನಮ್ಮ ಊರಿಗೆ ಬರುವ ಸಾಮಾನಿಗೆ ಅಂಥ ಕಡೆಗಳು ಬೇರೆಯವರಿಗಿಂತ ಹೆಚ್ಚು, ಅದಕ್ಕೆ ಕಾರಣ ನಮ್ಮ ಭೂಗೋಳವೂ ಹೌದು, ಇತಿಹಾಸವೂ ಹೌದು. 1956ರ ನವೆಂಬರ್ 1ರಂದು ಕೊಳ್ಳೇಗಾಲ ತಾಲೂಕು ಕೊಯಮತ್ತೂರು ಜಿಲ್ಲೆಯಿಂದ ಮೈಸೂರು ರಾಜ್ಯಕ್ಕೆ ಸೇರಿತು; ನಾವು ಮದ್ರಾಸಿನಲ್ಲೇ ಉಳಿದೆವು. 1979ರಲ್ಲಿ ಕೊಯಮತ್ತೂರು ಒಡೆದು ಪೆರಿಯಾರ್ ಜಿಲ್ಲೆಯಾಯಿತು, ಅದೇ ಈಗಿನ ಈರೋಡ್. 2016ರಲ್ಲಿ ತಾಳವಾಡಿಯೇ ತಾಲೂಕಾಯಿತು. ಮಾತು ಕನ್ನಡ, ಸಂತೆ ಪೇಟೆ ಚಾಮರಾಜನಗರ, ಕಚೇರಿ ಕಾಗದ ತಮಿಳು. ಲಾರಿ ಕಂಪನಿಯ ಕಂಪ್ಯೂಟರಿಗೆ ಇದೊಂದೂ ಗೊತ್ತಿಲ್ಲ. 638ರಿಂದ ಶುರುವಾಗುವ ಪಿನ್‌ಕೋಡ್ ಕಂಡರೆ ಅದು ಸಾಮಾನನ್ನು ಈರೋಡಿನ ಕಡೆಗೇ ಕಳಿಸುತ್ತದೆ. ಈರೋಡಿನಿಂದ ಇಲ್ಲಿಗೆ ನೂರು ಕಿಲೋಮೀಟರಿಗೂ ಮೇಲೆ, ನಡುವೆ ಬಣ್ಣಾರಿ, ಅದರ ಮೇಲೆ ದಿಂಬಂ ಘಾಟಿಯ 27 ತಿರುವು. ಪುಣೆಯಿಂದ ಬೆಂಗಳೂರಿಗೆ ಬಂದ ಸಾಮಾನು ಕೊಳ್ಳೇಗಾಲ, ಚಾಮರಾಜನಗರದ ಮೇಲೆ ಬಂದಿದ್ದರೆ ಘಾಟಿಯೇ ಹತ್ತಬೇಕಾಗಿರಲಿಲ್ಲ.

ಘಾಟಿಗೆ ಇನ್ನೊಂದು ಕಟ್ಟಳೆಯಿದೆ. ಸತ್ಯಮಂಗಲಂ ಕಾಡು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ರಾತ್ರಿ ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುವುದನ್ನು ತಡೆಯಲು ಮದ್ರಾಸ್ ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ಬಣ್ಣಾರಿಯಿಂದ ಕಾರಪಳ್ಳಂವರೆಗೆ ರಾತ್ರಿ ಸಂಚಾರದ ನಿಷೇಧವನ್ನು ಜಾರಿಗೆ ತರಿಸಿತು. ಸರಕಿನ ವಾಹನಕ್ಕೆ ಸಂಜೆ 6ರಿಂದ ಬೆಳಗ್ಗೆ 6ರವರೆಗೆ ದಾರಿಯಿಲ್ಲ. ದೊಡ್ಡ ಬಹುಚಕ್ರ ಲಾರಿಗಳಿಗೂ ತಡೆ ಬಂತು. ಆ ನಿಷೇಧ ನನಗೆ ಸರಿಯೆಂದೇ ಕಾಣುತ್ತದೆ. ಕಾಡು ಅವುಗಳ ಮನೆ; ಕಾರಪಳ್ಳಂ ಹತ್ತಿರ ಕಬ್ಬಿನ ಲಾರಿ ನಿಲ್ಲಿಸಿ ಕಬ್ಬು ಎಳೆದುಕೊಳ್ಳುವ ಆನೆಗಳನ್ನು ನೀನೂ ನೋಡಿದ್ದೀಯ. ಆದರೆ ಅದರಿಂದ ಸಾಮಾನಿಗೆ ಆಗುವುದೇನು ಎಂದು ಯೋಚಿಸು. ನಾಲ್ಕೈದು ಮನೆಯ ಸಾಮಾನು ತುಂಬಿಕೊಂಡ ದೊಡ್ಡ ಲಾರಿ ಮೇಲೆ ಬರಲಾರದು. ಕೆಳಗೆ ಎಲ್ಲೋ ಗೋದಾಮಿನಲ್ಲಿ ಇಳಿಸಿ ಚಿಕ್ಕ ವಾಹನಕ್ಕೆ ಹಾಕುತ್ತಾರೆ. ಆ ಚಿಕ್ಕ ವಾಹನ ಹೊತ್ತು ಮುಳುಗಿದ ಮೇಲೆ ಬಣ್ಣಾರಿ ಮುಟ್ಟಿದರೆ ಬೆಳಗಿನವರೆಗೆ ರಸ್ತೆ ಬದಿಯಲ್ಲಿ ನಿಲ್ಲುತ್ತದೆ. ಇಳಿಸುವವರು ಒಬ್ಬರು, ಏರಿಸುವವರು ಇನ್ನೊಬ್ಬರು, ಎಣಿಸಿ ಸಹಿ ಹಾಕಿದವರು ಯಾರೂ ಇಲ್ಲ. ಹೊರಲು ಭಾರವಾಗಿ, ಹೆಸರಿಲ್ಲದೆ, "ಇತರೆ" ಎಂದಷ್ಟೇ ಬರೆದ ಟ್ರಂಕು ಮೂಲೆಯಲ್ಲಿ ಉಳಿಯುವುದಕ್ಕೆ ಇಷ್ಟು ಸಾಕು. ಕದಿಯುವ ಮನಸ್ಸೇ ಬೇಕಾಗಿಲ್ಲ.

ಅದಕ್ಕೇ ನೋಟಿಸ್ ಕಳಿಸಿ ಸುಮ್ಮನೆ ಕೂರಬೇಡ. ನಿನ್ನ ಸಾಮಾನು ಎಲ್ಲೆಲ್ಲಿ ಇಳಿಯಿತು, ಯಾವ ವಾಹನದಿಂದ ಯಾವ ವಾಹನಕ್ಕೆ ಹೋಯಿತು, ಗಾಡಿಗಳ ನಂಬರ್ ಏನು ಎಂದು ಬರಹದಲ್ಲಿ ಕೇಳು. ಆ ಗೋದಾಮಿಗೆ ನೀನೇ ಒಮ್ಮೆ ಹೋಗು. ಟ್ರಂಕಿನ ಬಣ್ಣ, ಉದ್ದ ಅಗಲ, ಬೀಗದ ಗುರುತು ಬರೆದ ಹಾಳೆಯನ್ನು ಅಲ್ಲಿನ ಹಮಾಲರ ಕೈಗೆ ಕೊಡು. ಅವರಿಗೆ ಗೊತ್ತಿರುವಷ್ಟು ಮೇನೇಜರಿಗೆ ಗೊತ್ತಿರುವುದಿಲ್ಲ. ಹತ್ತಿರದ ಗುಜರಿ ಅಂಗಡಿಗಳಿಗೂ ಒಂದು ಮಾತು ಹೇಳಿ, ಫೋನ್ ನಂಬರ್ ಬಿಟ್ಟು ಬಾ. ವಾರಸುದಾರರಿಲ್ಲದ ಸಾಮಾನನ್ನು ಸಾಗಣೆದಾರರು ಕಾಲ ಕಾಲಕ್ಕೆ ವಿಲೇವಾರಿ ಮಾಡುತ್ತಾರೆ, ಆ ರಾಶಿಗೆ ನಿನ್ನದು ಸೇರುವ ಮುಂಚೆ ನೀನು ಅಲ್ಲಿರಬೇಕು. ಇನ್ನೊಂದು: ಕೇರಳದ ಆಲಪ್ಪುಳ ಜಿಲ್ಲೆಯಲ್ಲೂ ಇದೇ ರೀತಿ ಕೇಳಿಸುವ ಹೆಸರಿನ ಒಂದು ಊರಿದೆ. ಸಾಮಾನು ಅತ್ತ ತಿರುಗಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಅವರಿಗೆ ಹೇಳು.

ಪುಣೆಯ ಗೆಳೆಯನ ಮನೆಯಲ್ಲಿ ನಿನ್ನ ಬೆಂಚು, ವೈಸು, ಬ್ಯಾಟರಿ ಡ್ರಿಲ್ಲು ಇನ್ನೂ ಉಳಿದಿವೆಯಲ್ಲ, ಅವನ್ನು ತರುವಾಗ, ಮುಂದೆ ಯಾವ ಹತಾರ ಸಾಗಿಸುವಾಗಲೂ, ಮೊದಲಿನ ಹಾಗೆ ಬೇಡ. ಕೈಗೆ ಒಗ್ಗಿದ್ದು ಕೈಯಲ್ಲೇ ಬರಲಿ. ನಾಲ್ಕು ಉಳಿ, ಒಂದು ಹತ್ತರಿಯ ಅಲಗು, ಮೂಲೆಮಟ್ಟ, ಇವು ಚರ್ಮದ ಒಂದು ಸುರುಳಿಯಲ್ಲಿ ಹಿಡಿಯುತ್ತವೆ. ನೀನು ಬರುವ ಕಾರಿನಲ್ಲಿ, ನಿನ್ನ ಕಣ್ಣೆದುರು ಬರಲಿ. ರೈಲಿನಲ್ಲಾದರೆ ಸೀಟಿನ ಕೆಳಗೆ ಇಟ್ಟು ಬೀಗ, ಸರಪಳಿ ಹಾಕು. ಬುಕ್ ಮಾಡದ ಲಗೇಜಿಗೆ ರೈಲ್ವೆ ಸುಲಭವಾಗಿ ಹೊಣೆ ಹೊರುವುದಿಲ್ಲ. ಬುಕ್ ಮಾಡಿದರೂ ಬೆಲೆ ಘೋಷಿಸಿ ಅದಕ್ಕೆ ತಕ್ಕ ಶುಲ್ಕ ಕಟ್ಟದಿದ್ದರೆ ಪರಿಹಾರ ಕಿಲೋ ಲೆಕ್ಕದಲ್ಲಿ ಬರುತ್ತದೆ, ಒಳ್ಳೆಯ ಉಳಿಯೊಂದು ತೂಗುವುದೆಷ್ಟು ಹೇಳು. ವಿಮಾನದಲ್ಲಾದರೆ ಉಳಿ, ಗರಗಸ ಕ್ಯಾಬಿನ್ನಿಗೆ ಬಿಡುವುದಿಲ್ಲ, ತನಿಖೆಯಲ್ಲಿ ಕಿತ್ತುಕೊಂಡರೆ ಮತ್ತೆ ಸಿಗುವುದಿಲ್ಲ. ಅವು ಚೆಕ್-ಇನ್ ಬ್ಯಾಗಿನಲ್ಲಿ. ಡ್ರಿಲ್ಲಿನಿಂದ ಬಿಚ್ಚಿದ ಲಿಥಿಯಂ ಬ್ಯಾಟರಿ ಮಾತ್ರ ಅದಕ್ಕೆ ತಿರುಗುಮುರುಗು, ಅದನ್ನು ಚೆಕ್-ಇನ್ ಬ್ಯಾಗಿಗೆ ಹಾಕುವಂತಿಲ್ಲ, ಜೊತೆಯಲ್ಲೇ ಇಟ್ಟುಕೊಳ್ಳಬೇಕು.

ಲಾರಿಗೆ ಹೋಗಲೇಬೇಕಾದ ಭಾರದ್ದನ್ನು ಒಂದೇ ದೊಡ್ಡ ಟ್ರಂಕಿಗೆ ತುಂಬಬೇಡ. ಒಬ್ಬ ಆಳು ಸಲೀಸಾಗಿ ಎತ್ತುವಷ್ಟು ಚಿಕ್ಕ ಪೆಟ್ಟಿಗೆಗಳಾಗಲಿ. ಭಾರವಾದ, ಬೀಗ ಹಾಕಿದ ಪೆಟ್ಟಿಗೆ ಒಳಗೆ ಏನೋ ಬೆಲೆಬಾಳುವುದಿದೆ ಎಂದು ಕೂಗಿ ಹೇಳುತ್ತದೆ, ಹೊರುವವನ ಬೆನ್ನಿಗೂ ಅದು ಅನ್ಯಾಯ. ಪೆಟ್ಟಿಗೆಗೆ 1/4, 2/4 ಎಂದು ನಂಬರ್ ಹಾಕು, ಮುಚ್ಚಳದ ಮೇಲೂ ಒಳಗೂ ನಿನ್ನ ಹೆಸರು, ಫೋನ್, ತಾಲೂಕು, ಪಿನ್‌ಕೋಡ್ ಬರೆ. ಒಳಗಿನದ್ದೆಲ್ಲ ನೆಲಕ್ಕೆ ಹರಡಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆ. ಅಲಗುಗಳಿಗೆ ಮೆಷಿನ್ ಎಣ್ಣೆ ಸವರಿ ಕಾಗದ ಸುತ್ತು, ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಕಟ್ಟಿದರೆ ಒಳಗೇ ಬೆವತು ತುಕ್ಕು ಹಿಡಿಯುತ್ತದೆ. ಪೆಟ್ಟಿಗೆ ಲಾರಿಯ ತಳದಲ್ಲಿ, ಎಂಜಿನ್ ಕಡೆಯ ಗೋಡೆಗೆ ಒತ್ತಿ ಕೂರಲಿ. ಮೇಲಿಟ್ಟರೆ ತಿರುವಿನಲ್ಲಿ ಜಾರಿ ನಿನ್ನ ಅಮ್ಮನ ಕನ್ನಡಿ ಬೀರುವಿನ ಮೇಲೇ ಬೀಳುತ್ತದೆ.

ಒಂದೊಂದು ಹತಾರಕ್ಕೂ ಗುರುತು ಹಾಕುವುದನ್ನು ನಮ್ಮ ಹಿರಿಯರು ಮರೆಯುತ್ತಿರಲಿಲ್ಲ. ಉಳಿಯ ಹಿಡಿಗೆ ಕಾದ ಮೊಳೆಯಿಂದ ಒಂದು ಚುಕ್ಕೆ ಸುಡು. ಉಕ್ಕಿನ ಮೇಲಾದರೆ ಹಿಡಿಯೊಳಗೆ ಹೋಗುವ ಬಾಲದ ಕಡೆ, ಹದ ಕೊಡದ ಮೆತ್ತನೆ ಭಾಗದಲ್ಲಿ, ಪಂಚಿನಿಂದ ಅಕ್ಷರ ಹೊಡೆ. ಬಾಯಿಯ ಹತ್ತಿರ ಹೊಡೆದರೆ ಬಿರುಕು ಬಿಡುತ್ತದೆ. ಡ್ರಿಲ್ಲಿನ ಸೀರಿಯಲ್ ನಂಬರನ್ನು ಫೋಟೋ ತೆಗೆದಿಟ್ಟುಕೋ.

ಲಾರಿಯವರಿಗೆ ಚಾಮರಾಜನಗರದ ಮೇಲೆ ಬನ್ನಿ ಎಂದು ಬುಕ್ ಮಾಡುವಾಗಲೇ ಕಾಗದದಲ್ಲಿ ಬರೆಸು. ಡ್ರೈವರ್ ಕನ್ನಡದವನಾದರೆ ನಮ್ಮ ತಾಳವಾಡಿ ಕಡೆಯ, ಅಣ್ಣಾವ್ರು ರಾಜ್‌ಕುಮಾರರ ಗಾಜನೂರು ಎಂದರೆ ಸಾಕು, ಉಳಿದದ್ದು ಅವನೇ ಕೇಳಿಕೊಂಡು ಬರುತ್ತಾನೆ. ಬಳಸಿದ ಮನೆ ಸಾಮಾನಿಗೆ ಜಿಎಸ್‌ಟಿಯ ಇ-ವೇ ಬಿಲ್ ಬೇಕಾಗಿಲ್ಲ. ಗಡಿಯಲ್ಲಿ ಅದಕ್ಕೆಂದು ಹಣ ಬೇಕು ಅಂದರೆ ಒಪ್ಪಬೇಡ. ಆದರೆ ನೀನು ಕೂಡಿಟ್ಟ ಮರದ ತುಂಡುಗಳ ವಿಷಯದಲ್ಲಿ ಹುಷಾರು. ಬೀಟೆ, ತೇಗದ ತುಂಡಿದ್ದರೆ ಕೊಂಡ ರಸೀದಿ ಜೊತೆಗಿರಲಿ, ಶ್ರೀಗಂಧದ ಚೂರೂ ಬೇಡ. ಇದು ಕಾಡಿನ ದಾರಿ, ಅರಣ್ಯ ಇಲಾಖೆಯ ತನಿಖಾ ಠಾಣೆಯಲ್ಲಿ ಗರಗಸ, ಬಾಚಿ, ಮರ ಮೂರೂ ಒಟ್ಟಿಗೆ ಕಂಡರೆ ಅವರು ಕೇಳುವುದು ನ್ಯಾಯವೇ. ಸಾಮಾನು ಇಳಿಸಿಕೊಳ್ಳುವಾಗ ಪೆಟ್ಟಿಗೆ ಎಣಿಸುವವರೆಗೆ ಸಹಿ ಹಾಕಬೇಡ. ಕಡಿಮೆ ಬಂದರೆ "ಪೆಟ್ಟಿಗೆ 3/4 ಬಂದಿಲ್ಲ" ಎಂದು ಅವರ ಪ್ರತಿಯ ಮೇಲೇ ಬರೆದು ಆಮೇಲೆ ಸಹಿ ಹಾಕು. ಡ್ರೈವರ್ ಅವಸರ ಮಾಡುತ್ತಾನೆ, ಅವನಿಗೂ ಹೊತ್ತಿನ ಒತ್ತಡ. ಒಂದು ಲೋಟ ಟೀ ಕೊಟ್ಟು ಕೂರಿಸಿ ಎಣಿಸು.

ಹತಾರದ ಪೆಟ್ಟಿಗೆ ಪ್ರಯಾಣದಲ್ಲಿ ಕಳೆಯುವುದು ಇಂದು ನಿನ್ನಿನದಲ್ಲ. ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪದಲ್ಲಿ ಮಾಸ್ಟರ್‌ಮಿರ್ ಎಂಬ ಜವುಗು ಪ್ರದೇಶವಿತ್ತು. ನೀರು ಬಸಿದು ಹೊಲ ಮಾಡಿದ ಆ ನೆಲದಲ್ಲಿ 1936ರಲ್ಲಿ ಉಳುವಾಗ ನೇಗಿಲಿಗೆ ಒಂದು ಓಕ್ ಮರದ ಪೆಟ್ಟಿಗೆ ತಗುಲಿತು. ಸುತ್ತ ಕಬ್ಬಿಣದ ಸರಪಳಿ. ಒಳಗೂ ಸುತ್ತಲೂ ಕೊಡಲಿ, ಬಾಚಿ, ಬೈರಿಗೆ, ಗರಗಸ, ಅರ, ಇಕ್ಕಳ ಎಲ್ಲ ಸೇರಿ ಸುಮಾರು 200 ವಸ್ತು, ವೈಕಿಂಗರ ಕಾಲದವು, ಹತ್ತಿರ ಹತ್ತಿರ ಸಾವಿರ ವರ್ಷ ಹಳೆಯವು. ನೀರು ದಾಟುವಾಗ ಮುಳುಗಿರಬೇಕು ಎಂದು ತಿಳಿದವರ ಊಹೆ. ಇಂದು ಸ್ಟಾಕ್‌ಹೋಮಿನ ಮ್ಯೂಸಿಯಮ್ಮಿನಲ್ಲಿ ಅವನ್ನು ನೋಡಿ ಹೊಸಬರು ಅಳತೆ ತೆಗೆದು ಅಂಥದ್ದೇ ಮಾಡಿಕೊಳ್ಳುತ್ತಾರೆ. ಆ ದಿನ ದಡದಲ್ಲಿ ನಿಂತವನು ಯಾರು, ಬಡಗಿಯೋ ಕಮ್ಮಾರನೋ ಎರಡೂ ಬಲ್ಲವನೋ, ಆಮೇಲೆ ಅವನು ಏನು ಮಾಡಿ ಬದುಕಿದ, ಹೇಳುವವರಿಲ್ಲ. ಅದರ ಚಿತ್ರ ನೋಡಿದಾಗೆಲ್ಲ ನನ್ನ ಮನಸ್ಸು ಆ ಮನುಷ್ಯನ ಹಿಂದೆಯೇ ಹೋಗುತ್ತದೆ.

ಇಂಗ್ಲೆಂಡಿನ ಬೆಂಜಮಿನ್ ಸೀಟನ್ ಎಂಬ ಹುಡುಗನದು ಇದಕ್ಕೆ ಬೇರೆ. 1796ರ ಕೊನೆಗೆ ಅವನ ಅಪ್ಪ ಲಂಡನ್ನಿನ ಅಂಗಡಿಯಿಂದ ಮರಗೆಲಸದ ಹತಾರಗಳನ್ನು ಒಟ್ಟಿಗೆ ಕೊಡಿಸಿದ. ಮಗ ಮರುವರ್ಷ ಅವಕ್ಕೆ ಒಂದು ಪೆಟ್ಟಿಗೆ ಮಾಡಿ, ಯಾವುದು ಏನು, ಬೆಲೆ ಎಷ್ಟು ಎಂದು ಪಟ್ಟಿ ಬರೆದಿಟ್ಟ. ಪೆಟ್ಟಿಗೆ, ಹತಾರ, ಪಟ್ಟಿ ಮೂರೂ ರಾಚೆಸ್ಟರ್‌ನ ಮ್ಯೂಸಿಯಮ್ಮಿನಲ್ಲಿ ಇಂದಿಗೂ ಇವೆ. ಆ ಕಾಲದ ಒಂದು ಹತ್ತರಿಗೆ ಎಷ್ಟು ಬೆಲೆ ಎಂದು ಪಂಡಿತರು ನೋಡುವುದು ಆ ಹುಡುಗನ ಕೈಬರಹವನ್ನೇ.

ನಿನ್ನ ತಂಗಿ ಆಸ್ಟ್ರೇಲಿಯಾಕ್ಕೆ ಹೋಗುವಾಗ ತನ್ನ ಲಿನೋ ಕೆತ್ತುವ ಉಳಿಗಳನ್ನು ಒಯ್ಯುತ್ತಾಳಂತೆ. ಅವಳಿಗೂ ಎರಡು ಮಾತು ತಿಳಿಸು. ಮರದ ಹಿಡಿಯಲ್ಲಿ ಹುಳ ತಿಂದ ತೂತು, ಮಣ್ಣು, ತೊಗಟೆ ಇದ್ದರೆ ಅಲ್ಲಿನ ಜೈವಿಕ ತನಿಖೆಯವರು ತಡೆಯುತ್ತಾರೆ. ತೊಳೆದು ಒಣಗಿಸಿ, ಇಳಿದಾಗ ತಾನಾಗಿ ಘೋಷಿಸಲಿ. ಬ್ಯಾಗು ಬಾರದಿದ್ದರೆ ವಿಮಾನ ನಿಲ್ದಾಣದಿಂದ ಹೊರಬೀಳುವ ಮುಂಚೆ ಕೌಂಟರಿನಲ್ಲಿ ಬರಹದ ದೂರು ಕೊಡಬೇಕು. ಬ್ಯಾಗು ಒಡೆದಿದ್ದರೆ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ 7 ದಿನದೊಳಗೆ ಬರೆದು ತಿಳಿಸಬೇಕು, ತಡವಾಗಿ ಬಂದದ್ದಕ್ಕಾದರೆ 21 ದಿನ.

ಈಗ ನಿನ್ನ ಕೈ. ಹಣ ಬರುವವರೆಗೆ ಕಾಯುತ್ತೇನೆ ಅನ್ನಬೇಡ, ಆ ದಾರಿ ಉದ್ದ. ಇಡೀ ಸೆಟ್ಟನ್ನು ಒಂದೇ ಸಲ ಮತ್ತೆ ಕೊಳ್ಳಲೂ ಬೇಡ. ಒಂದು ಒಳ್ಳೆಯ ಸಾಣೆಕಲ್ಲು ಮೊದಲು. ಕಲ್ಲಿದ್ದರೆ ಸಾಧಾರಣ ಉಳಿಯೂ ಕೆಲಸಕ್ಕೆ ಬರುತ್ತದೆ, ಕಲ್ಲಿಲ್ಲದಿದ್ದರೆ ಜಪಾನಿನದ್ದೂ ಮೊಂಡಾಗುತ್ತದೆ. ಆಮೇಲೆ ಮುಕ್ಕಾಲಿಂಚಿನ ಒಂದು ಉಳಿ, ಒಂದು ಗರಗಸ, ಒಂದು ಮೂಲೆಮಟ್ಟ. ಕೊಡತಿಯನ್ನು ಕೊಳ್ಳಬೇಡ, ಹುಣಸೆಮರದ ಒಂದು ತುಂಡು ನಮ್ಮ ಕಣದ ಮೂಲೆಯಲ್ಲಿ ಒಣಗಿದೆ, ಅದರಲ್ಲೇ ಮಾಡು. ಹುಣಸೆಗೆ ಸೀಳು ಬೀಳುವುದು ಕಡಿಮೆ, ಪೆಟ್ಟು ತಡೆಯುತ್ತದೆ. ಹತ್ತರಿ ಆಮೇಲೆ ನೋಡೋಣ.

ಬಾಚಿಯನ್ನು ಅಂಗಡಿಯಲ್ಲಿ ಹುಡುಕಬೇಡ. ಲಾರಿಯ ಸ್ಪ್ರಿಂಗ್ ಪಟ್ಟಿಯ ಒಂದು ತುಂಡು ತೆಗೆದುಕೊಂಡು ಕಮ್ಮಾರನ ಹತ್ತಿರ ಹೋಗೋಣ. ಅದು ಒಳ್ಳೆಯ ಉಕ್ಕು, ನಿನ್ನ ತಾತನ ಬಾಚಿಯೂ ಅಂಥ ಪಟ್ಟಿಯದ್ದೇ. ಬಡಿದು ರೂಪ ಕೊಟ್ಟ ಮೇಲೆ ಬಾಯಿಯನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದುತ್ತಾನೆ. ಆಗ ಅದು ಗಾಜಿನಷ್ಟು ಪೆಡಸು. ಉಜ್ಜಿ ಹೊಳಪು ಬರಿಸಿ ಮತ್ತೆ ಮೆಲ್ಲಗೆ ಕಾಯಿಸಿದರೆ ಉಕ್ಕಿನ ಮೇಲೆ ಒಣಹುಲ್ಲಿನ ಹಳದಿ ಮೂಡುತ್ತದೆ, 220 ಡಿಗ್ರಿಯ ಆಚೀಚೆ. ಅಲ್ಲಿಗೆ ನಿಲ್ಲಿಸಬೇಕು. ನೀಲಿಗೆ ತಿರುಗಿದರೆ ಮೆತ್ತಗಾಯಿತು ಎಂದರ್ಥ, ಮತ್ತೆ ಮೊದಲಿಂದ. ಆ ಬಣ್ಣ ಹಿಡಿಯುವುದನ್ನು ನೀನು ಪಕ್ಕದಲ್ಲಿ ನಿಂತು ನೋಡಬೇಕು, ಇಷ್ಟು ಚೆನ್ನಾಗಿ ಕಾಣುವವರು ಈ ಕಡೆ ಬಹಳ ಜನ ಉಳಿದಿಲ್ಲ. ಕಾವು ಅಳೆಯುವ ಯಂತ್ರ ಅವನ ಬಳಿ ಇಲ್ಲ, ಕುಲುಮೆಯ ಮೇಲೆ ಚಪ್ಪರ ಹಾಕಿರುವುದು ಬಿಸಿಲಿಗೆ ಬಣ್ಣ ತಿಳಿಯುವುದಿಲ್ಲ ಎಂದು. ಹಿಡಿ ಜಾಲಿಯದ್ದಾಗಲಿ, ನಿನ್ನ ಅಂಗೈ ಅಳತೆಗೆ ನೀನೇ ಕೆತ್ತು. ಆಯುಧಪೂಜೆಗೆ ಮುಂಚೆ ಬಾಚಿ, ಕೊಡತಿ ಎರಡೂ ಆಗಲಿ, ಅಟ್ಟದ ಖಾಲಿ ಮಣೆಯ ಮೇಲೆ ಇಟ್ಟು ಕುಂಕುಮ ಹಚ್ಚಲು ನಿನ್ನ ಮಗುವಿಗೇ ಹೇಳೋಣ.

ಭಾನುವಾರ ಬೆಳಗ್ಗೆ ಬಾ. ಬಿಲ್ಟಿಯ ಪ್ರತಿ, ಹಣ ಕಟ್ಟಿದ ರಸೀದಿ, ಹತಾರ ಕಾಣಿಸುವ ಫೋಟೋಗಳನ್ನು ಪ್ರಿಂಟ್ ಹಾಕಿಸಿ ತಾ, ನೆನಪಿನ ಪಟ್ಟಿಯನ್ನು ಅರ್ಧವಾದರೂ ಬರೆದಿರು. ನೋಟಿಸನ್ನು ಇಂಗ್ಲಿಷಿನಲ್ಲಿ ಬರೆಯೋಣ, ಪುಣೆಯವರಿಗೂ ಈರೋಡಿನವರಿಗೂ ಓದಲು ಬರುತ್ತದೆ. ತಮಿಳಿನ ಪ್ರತಿ ಬೇಕಾದರೆ ನಮ್ಮ ಪಕ್ಕದ ಮನೆಯ ಹುಡುಗಿ ಬರೆದುಕೊಡುತ್ತಾಳೆ. ಸೋಮವಾರ ಅಂಚೆ ಕಚೇರಿ ತೆಗೆದ ಕೂಡಲೆ ತಲುಪಿದ ದಾಖಲೆ ಬರುವ ಹಾಗೆ ಸ್ಪೀಡ್ ಪೋಸ್ಟ್ ಮಾಡಿ, ಅಲ್ಲಿಂದಲೇ ಕಮ್ಮಾರನ ಮನೆಗೆ ಹೋಗೋಣ.